ಬಿಳಿಯ ಅಂಗಾಲು

ಹೆಬ್ಬೆರಳು ಒಳಗೆ ತಗ್ಗಿತು. ಫೆನ್ನಾ ಕೈ ತೆಗೆದು ಇನ್ನೊಂದು ಕಡೆ ಒತ್ತಿ ನೋಡಿದಳು. ಅಲ್ಲೂ ತಗ್ಗಿತು. ಚಾಕುವನ್ನು ನೆಲಕ್ಕೆ ಎಸೆದು, ಎರಡು ಮೊಣಕಾಲುಗಳ ನಡುವೆ ಸಿಕ್ಕಿಸಿಕೊಂಡಿದ್ದ ಕುದುರೆಯ ಕಾಲನ್ನು ಹಾಗೇ ಬಿಟ್ಟಳು. ಅದು ಕಲ್ಲುನೆಲದ ಮೇಲೆ ಧಪ್ಪೆಂದು ಬಿತ್ತು. ಕಾಲು ಮಂಡಿಯವರೆಗೆ ಮಾತ್ರ ಇತ್ತು. ಅದರಾಚೆ ಕುದುರೆ ಇರಲಿಲ್ಲ.

ಬಟ್ಟೆ ಒಗೆಯುವ ಕೋಣೆಯ ಬಾಗಿಲಲ್ಲಿ ಅವಳ ತಾಯಿ ಹಿಸ್ಕೆ ಬಕೆಟ್ ಹಿಡಿದು ನಿಂತಿದ್ದಳು.

"ಇದು ಎಷ್ಟನೇದು?"

"ಮೂರನೇದು."

"ಬಟಾಣಿ ತೆಗಿಯೋಣ ಅಂತ ಫ್ರೀಜರಿಗೆ ಕೈ ಹಾಕಿದ್ರೆ ಗೊರಸು ಸಿಗುತ್ತೆ. ನಿಮ್ಮ ಮೇಡಂ ಮನೇಲಿ ಫ್ರೀಜರ್ ಇಲ್ವಂತಾ?"

ಲಾಳವಿಲ್ಲದ ಗೊರಸನ್ನು ಒಪ್ಪಮಾಡುವ ತರಬೇತಿಯಲ್ಲಿ ಪ್ರತಿಯೊಬ್ಬರಿಗೂ ನಾಲ್ಕು ಸತ್ತ ಕಾಲುಗಳನ್ನು ಕೊಟ್ಟಿದ್ದರು. ಕಸಾಯಿಖಾನೆಯಿಂದ ಬಂದವು. ಜೀವಂತ ಕುದುರೆಯನ್ನು ಮುಟ್ಟುವ ಮೊದಲು ಇವುಗಳ ಮೇಲೆ ಕೈ ಪಳಗಬೇಕು. ಲಾಳವಿಲ್ಲದೆ ಓಡಾಡುವ ಕುದುರೆಗೆ ಅಂಗಾಲಿನ ಜಡ್ಡೇ ಚಪ್ಪಲಿ, ಅದನ್ನು ಕೊರೆಯಬಾರದು, ಹೆಬ್ಬೆರಳಿಗೆ ತಗ್ಗುವಷ್ಟು ತೆಳುವಾದರೆ ಕುದುರೆ ಕುಂಟುತ್ತದೆ, ಗೊರಸಿನ ಸುತ್ತಲಿನ ಗೋಡೆಯ ಅಂಚನ್ನಷ್ಟೇ ಅರದಿಂದ ಉಜ್ಜಿ ದುಂಡಗೆ ಮಾಡಿ ಬಿಡಬೇಕು. ಇದನ್ನು ಇಲ್ಸೆ ಫೆಡ್ಡೆಮಾ ಮೇಡಂ ಮೊದಲ ದಿನವೇ ಹೇಳಿದ್ದರು, ಎರಡನೇ ದಿನವೂ ಹೇಳಿದ್ದರು. ಬೇರೆ ಎಂಟು ಜನರಿಗೆ ಅದು ಸುಲಭವಾಗಿ ಹತ್ತಿತು. ಅವರಲ್ಲಿ ಒಬ್ಬಳು ದಂತವೈದ್ಯೆ, ಒಬ್ಬ ಬಸ್ ಓಡಿಸುವವನು. ಫೆನ್ನಾ ಲಾಳದ ಮನೆಯಲ್ಲಿ ಹುಟ್ಟಿದವಳು. ಲಾಳ ಹೊಡೆಯುವ ಮೊದಲು ಅಂಗಾಲನ್ನು ಕೊರೆದು ಕೊರೆದು ಬೆಳ್ಳಗೆ, ತೊಳೆದಿಟ್ಟ ತಟ್ಟೆಯ ಹಾಗೆ ಮಾಡುವುದನ್ನು ನಡೆಯಲು ಕಲಿಯುವ ಮೊದಲೇ ನೋಡಿದವಳು. ಆ ಮನೆಯಲ್ಲಿ ಬಿಳಿ ಎಂದರೆ ಕೆಲಸ ಬಲ್ಲವನ ಕೈ, ಬೂದು ಎಂದರೆ ಸೋಮಾರಿಯ ಕೈ. ಚಾಕು ಹಿಡಿದರೆ ಅವಳ ಕೈ ತಾನಾಗಿ ಬಿಳಿಯ ಕಡೆಗೆ ಹೋಗುತ್ತಿತ್ತು.

ಅಜ್ಜ ವೊಬ್ಬೆ ಕೋಲೂರಿಕೊಂಡು ಬಂದ. ನೆಲದ ಮೇಲಿದ್ದ ಕಾಲನ್ನು ಕೋಲಿನ ತುದಿಯಿಂದ ತಿರುವಿ ಹಾಕಿ, ಬಗ್ಗಿ, ತಾನೂ ಹೆಬ್ಬೆರಳು ಒತ್ತಿದ.

"ಹಿಸ್ಕೆ, ನೋಡಿದ್ಯೇನಮ್ಮ ನಿನ್ನ ಮಗಳ ಕೆಲ್ಸಾನ," ಅಂದ. "ಸತ್ತ ಕುದುರೆಗೂ ಕುಂಟು ಬರಿಸಿದಾಳೆ."

ಲಾಯದಲ್ಲಿ ಇನ್ನೊಂದು ಕುದುರೆ ಇತ್ತು, ಜೀವಂತವಾಗಿ. ಹೆಡ್ಡಾ, ಹದಿನೈದು ವರ್ಷದ ಕಂದು ಹೆಣ್ಣು, ನಾಲ್ಕು ಕಾಲಿಗೂ ಬಿಳಿ ಪಟ್ಟೆ. ಅಜ್ಜನ ಹೆಸರಿನಲ್ಲಿದ್ದರೂ ಹತ್ತು ವರ್ಷದಿಂದ ಅದನ್ನು ಮೇಯಿಸಿದವಳು, ಉಜ್ಜಿದವಳು, ಸವಾರಿ ಮಾಡಿದವಳು ಫೆನ್ನಾ. ಬೇಸಿಗೆಯಲ್ಲಿ ಅದು ಎಡವಲು ಶುರುಮಾಡಿತು. ಅಪ್ಪ ಗೊಸ್ಸೆ ಮೂರು ಬಗೆಯ ಲಾಳ ಹೊಡೆದು ನೋಡಿದ. ಎಡವುವುದು ನಿಲ್ಲಲಿಲ್ಲ. ಸೆಪ್ಟೆಂಬರಿನ ಕೊನೆಗೆ ಅಜ್ಜ ಕಸಾಯಿಖಾನೆಯ ಲಾರಿಯವನಿಗೆ ಫೋನ್ ಮಾಡಿದ. ಫೆನ್ನಾ ಫೋನನ್ನು ಅವನ ಕೈಯಿಂದ ಕಿತ್ತುಕೊಂಡು, ಲಾಳ ಕಿತ್ತು ತಾನೇ ಸರಿಮಾಡುತ್ತೇನೆ ಅಂದಳು. ಆ ದಿನ ಆಲೂಗಡ್ಡೆ ತಣ್ಣಗಾಗುವವರೆಗೂ ಜಗಳ ನಡೆಯಿತು. ಕೊನೆಗೆ ಅಜ್ಜನೇ ಷರತ್ತು ಹಾಕಿದ. ಎಂಟು ವಾರ. ಲಾಳ ಇಲ್ಲ, ಗೊರಸಿಗೆ ತೊಡಿಸುವ ರಬ್ಬರಿನ ಬೂಟು ಇಲ್ಲ. ಮೇಡಂ ಪರೀಕ್ಷೆಗೆ ಬರುವ ದಿನ ಗೇಟಿನಿಂದ ಲಾಯದವರೆಗೆ ಜಲ್ಲಿ ಹಾಸಿದ ಅಂಗಳದಲ್ಲಿ ಅರವತ್ತು ಹೆಜ್ಜೆ. ತಲೆ ತಗ್ಗಿಸದೆ ನಡೆದರೆ ಕುದುರೆ ಫೆನ್ನಾಳದು. ನಡೆಯದಿದ್ದರೆ ಲಾರಿಗೆ.

"ಅಷ್ಟು ಹೊತ್ತಿಗೆ ನೀನೇ ಅದಕ್ಕೆ ಹೆಚ್ಚು ನೋವು ಕೊಟ್ಟಿರ್ತೀಯ," ಅಂದಿದ್ದ ಅಜ್ಜ. "ನಂಗೆ ಅವಸರ ಇಲ್ಲ."

ಎರಡನೇ ವಾರ ಹೆಡ್ಡಾ ಲಾಯದಿಂದ ಹೊರಗೆ ಬರಲು ಒಪ್ಪಲಿಲ್ಲ. ಹತ್ತು ವರ್ಷ ಕಬ್ಬಿಣದ ಮೇಲೆ ನಿಂತ ಕಾಲಿಗೆ ನೆಲ ಹೊಸದು. ಹುಲ್ಲಿನ ಮೇಲೆ ಪರವಾಗಿಲ್ಲ. ಜಲ್ಲಿಯ ಅಂಚಿಗೆ ಬಂದರೆ ಬಿಸಿ ಬಾಣಲೆ ಮುಟ್ಟಿದಂತೆ ಕಾಲೆತ್ತುತ್ತಿತ್ತು. ಫೆನ್ನಾ ಹಗ್ಗ ಎಳೆದಳು. ಅದು ಬರಲಿಲ್ಲ. ಹಗ್ಗದ ತುದಿಯಿಂದ ಬಾರಿಸಿದಳು. ಅದು ಮೂರು ಹೆಜ್ಜೆ ಬಂತು. ಅಡುಗೆಮನೆಯ ಕಿಟಕಿಯಲ್ಲಿ ಅಜ್ಜನ ಮುಖವಿತ್ತು. ಫೆನ್ನಾ ಮತ್ತೆ ಬಾರಿಸಿದಳು.

ಬೆಳಗಿನ ಊಟಕ್ಕೆ ಅಜ್ಜ ಹೊಗೆಯಲ್ಲಿ ಒಣಗಿಸಿದ ಕುದುರೆ ಮಾಂಸವನ್ನು ಬ್ರೆಡ್ಡಿನ ಮೇಲೆ ಹಾಸಿಕೊಂಡು ತಿನ್ನುತ್ತಿದ್ದ. ಅದು ಆ ಮನೆಯಲ್ಲಿ ಯಾವಾಗಲೂ ಇದ್ದದ್ದೇ. ಆದರೆ ಈಗ ಪೊಟ್ಟಣವನ್ನು ಫೆನ್ನಾಳ ತಟ್ಟೆಯ ಪಕ್ಕದಲ್ಲೇ ಬಿಚ್ಚಿಡುತ್ತಿದ್ದ. ಕಡುಗೆಂಪು ಬಣ್ಣದ, ಕಾಗದದಷ್ಟು ತೆಳುವಾದ ಹೋಳುಗಳು. ಒಂದನ್ನು ಬೆಳಕಿಗೆ ಹಿಡಿದು ಇದು ಸವಾರಿ ಕುದುರೆಯದೋ ಗಾಡಿ ಕುದುರೆಯದೋ ಎಂದು ಮಗನನ್ನು ಕೇಳುತ್ತಿದ್ದ. ಗೊಸ್ಸೆ ಕಾಫಿ ಕುಡಿಯುತ್ತಿದ್ದ. ಹಿಸ್ಕೆ ಮಾತ್ರ ಒಂದು ದಿನ, ಮಾವ, ಊಟದ ಹೊತ್ತಿಗೆ ಇದು ಬೇಡ ಅಂದಳು. ಅಜ್ಜ ಅವಳಿಗೂ ಒಂದು ಹೋಳು ಚಾಚಿದ. ಅವಳು ತೆಗೆದುಕೊಂಡು ತಿಂದಳು. ಅದು ಅವಳಿಗೆ ಇಷ್ಟ.

ಗೊಸ್ಸೆಗೆ ಐವತ್ತೊಂದು. ಬೆನ್ನು ಎಪ್ಪತ್ತರ ಲೆಕ್ಕಕ್ಕೆ ಹೋಗಿತ್ತು. ಬೆಳಿಗ್ಗೆ ಬೂಟಿನ ದಾರ ಕಟ್ಟಿಕೊಳ್ಳಲು ಬಗ್ಗಲಾಗದೆ ಹೆಂಡತಿಯ ಮುಂದೆ ಕಾಲು ಚಾಚುತ್ತಿದ್ದ. ಆದರೂ ವ್ಯಾನಿನಲ್ಲಿ ಕುಲುಮೆ, ಅಡೆಗಲ್ಲು ಹೇರಿಕೊಂಡು ಕಡಲ ಒಡ್ಡಿನುದ್ದದ ಹಳ್ಳಿಗಳಿಗೆ ಹೋಗಿಬರುತ್ತಿದ್ದ. ನಾಲ್ಕನೇ ವಾರದ ಬುಧವಾರ ಹನ್ನೊಂದು ಗಂಟೆಗೇ ವಾಪಸು ಬಂದ. ಹಿಸ್ಕೆ ಕೇಲ್ ಸೊಪ್ಪು, ಆಲೂಗಡ್ಡೆ ಬೇಯಿಸಿ ಮಸೆಯುತ್ತಿದ್ದಳು. ಏನಾಯ್ತು ಎಂದು ಕೇಳಿದಳು.

ಸವಾರಿ ಶಾಲೆಯವರು ಬೇಡ ಅಂದರಂತೆ. ಮೂವತ್ತು ಕುದುರೆಗೂ ಲಾಳ ಕಿತ್ತುಹಾಕಿದ್ದಾರೆ. ಇನ್ನು ಮುಂದೆ ಫೆಡ್ಡೆಮಾ ಮೇಡಮ್ಮೇ ನೋಡಿಕೊಳ್ಳುತ್ತಾರಂತೆ. ಇಪ್ಪತ್ತೆರಡು ವರ್ಷ ಅಲ್ಲಿಗೆ ಹೋಗುತ್ತಿದ್ದವನಿಗೆ ಗೇಟಿನ ಬಳಿಯೇ ನಿಲ್ಲಿಸಿ ಹೇಳಿ ಕಳಿಸಿದರು.

ಅಜ್ಜ ಊಟಕ್ಕೆ ಕೂತವನು ಮಗನ ಮುಖ ನೋಡಿದ. "ನಿನ್ನ ಮನೇಲೇ ಅವಳ ಶಿಷ್ಯೆ ಊಟ ಮಾಡ್ತಾ ಇದಾಳೆ. ಸಾಸೇಜ್ ಬಡಿಸು."

"ಅವಳಿಗೂ ಇದಕ್ಕೂ ಏನು ಸಂಬಂಧ?" ಅಂದಳು ಹಿಸ್ಕೆ.

"ಇದೆ," ಅಂದಳು ಫೆನ್ನಾ. ಸಾಸೇಜನ್ನು ತಾನೇ ಬಡಿಸಿಕೊಂಡಳು. "ಮೂವತ್ರಲ್ಲಿ ಒಂಬತ್ತು ಕುದುರೆ ಲಾಳ ಕಿತ್ತಿದ್ದು ನಾನೇ. ಹೋದ ಶುಕ್ರವಾರ. ತರಬೇತಿಗೆ ಅಂತ ಕರ್ಕೊಂಡು ಹೋಗಿದ್ರು."

ಹಿಸ್ಕೆ ಸೌಟು ಕೆಳಗಿಟ್ಟಳು.

"ಗೊತ್ತಿತ್ತಾ ನಿಂಗೆ, ಅದು ಅಪ್ಪ ಹೊಡ್ದ ಲಾಳ ಅಂತ?" ಹಿಸ್ಕೆ ಕೇಳಿದಳು.

"ಗೊತ್ತಾಗ್ದೆ ಇರತ್ತಾ. ಎಡಗಡೆ ಎರಡನೇ ಮೊಳೆ ಯಾವಾಗ್ಲೂ ಮೇಲೆ ಹೋಗಿರತ್ತೆ ಅಪ್ಪಂದು. ಕೀಳೋಕೆ ಅದೇ ಕಷ್ಟ ಆಗಿದ್ದು."

ಗೊಸ್ಸೆ ತಟ್ಟೆಯ ನಡುವೆ ಗುಂಡಿ ಮಾಡಿ ಗ್ರೇವಿ ಸುರಿದುಕೊಂಡ. "ಹೇಳ್ಬಹುದಿತ್ತು," ಅಂದ.

"ಹೇಳಿದ್ರೆ ಏನು ಮಾಡ್ತಿದ್ರಿ? ಬೆನ್ನಿಗೆ ರಜ ಸಿಕ್ತು ಅಂದ್ಕೊಳಿ. ಅಮ್ಮ ದಾರ ಕಟ್ಟೋದೂ ತಪ್ಪತ್ತೆ."

ಹಿಸ್ಕೆ ಮೇಜಿನಾಚೆಯಿಂದ ಕೈ ಚಾಚಿ ಮಗಳ ಕೆನ್ನೆಗೆ ಹೊಡೆದಳು. ಇಪ್ಪತ್ತು ವರ್ಷದ ಹುಡುಗಿಗೆ. ಅಜ್ಜ ಉಪ್ಪಿನ ಡಬ್ಬಿ ಕೇಳಿದ. ಗೊಸ್ಸೆ ಊಟ ಮುಗಿಸಿ, ತಟ್ಟೆಯನ್ನು ತಾನೇ ತೊಳೆದಿಟ್ಟು, ಆ ಮೂವತ್ತು ಕುದುರೆಗಳಿಗೆಂದು ವ್ಯಾನಿನಲ್ಲಿ ಹೇರಿಕೊಂಡು ಹೋಗಿದ್ದ ಲಾಳಗಳನ್ನು ಇಳಿಸಲು ಹೋದ. ಅವನು ಒಂದೊಂದೇ ಇಳಿಸುವ ಸದ್ದು ಮೂರು ಗಂಟೆಯವರೆಗೂ ಕೇಳಿಸಿತು. ಯಾರೂ ಸಹಾಯಕ್ಕೆ ಹೋಗಲಿಲ್ಲ.

ಅದಾದ ಮೇಲೆ ಅವನು ಮಗಳ ಜೊತೆ ಬೇಕಾದಷ್ಟೇ ಮಾತಾಡಿದ. ಬೆಣ್ಣೆ ಕೊಡು. ಬಾಗಿಲು ಹಾಕು.

ಆರನೇ ವಾರ ಹೆಡ್ಡಾ ನಡೆಯಿತು. ಮೊದಲು ಹದಿನೈದು ಹೆಜ್ಜೆ, ಎರಡು ದಿನ ಬಿಟ್ಟು ಮೂವತ್ತು, ಶನಿವಾರ ನಲವತ್ತು. ತಲೆ ತಗ್ಗಲಿಲ್ಲ, ಹಿಮ್ಮಡಿ ಮೊದಲು ಊರಿತು. ಫೆಡ್ಡೆಮಾ ಮೇಡಂ ನಡುವೆ ಒಮ್ಮೆ ಬಂದು ಹೋಗಬೇಕೆಂಬ ನಿಯಮವಿತ್ತು, ಬಂದರು. ಗಿಡ್ಡ ಹೆಂಗಸು, ಗಟ್ಟಿ ಭುಜ. ನಾಲ್ಕು ಕಾಲನ್ನೂ ಎತ್ತಿ, ಹೆಬ್ಬೆರಳು ಒತ್ತಿ, ಅಂಗಾಲಿನ ಮೇಲೆ ಒರಟಾಗಿ ಬೂದು ಬಣ್ಣಕ್ಕೆ ಹೆಪ್ಪುಗಟ್ಟಿದ್ದ ಜಡ್ಡನ್ನು ಉಗುರಿನಿಂದ ಕೆರೆದು ನೋಡಿದರು.

"ಇದಿದ್ಯಲ್ಲ, ಈ ಕೊಳಕು," ಅಂದರು, "ಇದೇ ನಿನ್ನ ಸರ್ಟಿಫಿಕೇಟು. ಇನ್ನೆರಡು ವಾರ ಕೈಯನ್ನ ಜೇಬಲ್ಲಿಟ್ಕೊಂಡಿರು."

ಕಾಫಿಗೆ ಒಳಗೆ ಕರೆಯುವುದು ಹಿಸ್ಕೆಗೆ ಅನಿವಾರ್ಯವಾಯಿತು. ಮೇಡಂ ಒಂದು ಲೋಟ ಕುಡಿದರು, ಒಂದು ಬಿಸ್ಕತ್ತು ತಿಂದರು. ಎರಡನೇ ಬಿಸ್ಕತ್ತಿಗೆ ಹಿಸ್ಕೆ ಡಬ್ಬಿ ತೆಗೆಯಲಿಲ್ಲ. ಅಜ್ಜ ಎದುರು ಕೂತು ಅವರ ಕೈಗಳನ್ನೇ ನೋಡುತ್ತಿದ್ದ. ಅವರು ಹೋದ ಮೇಲೆ, ಕೈಯೇನೋ ಕೆಲಸದ ಕೈ, ತಲೆ ಮಾತ್ರ ಕೆಟ್ಟಿದೆ ಅಂದ. ಆಮೇಲೆ ಒಬ್ಬನೇ ಲಾಯಕ್ಕೆ ಹೋಗಿ ತುಂಬಾ ಹೊತ್ತು ಬರಲಿಲ್ಲ. ಬಂದಾಗ ಯಾರನ್ನೂ ಹಂಗಿಸಲಿಲ್ಲ. ಮರುದಿನ ಬೆಳಗಿನ ಊಟಕ್ಕೆ ಮಾಂಸದ ಪೊಟ್ಟಣವನ್ನೂ ಬಿಚ್ಚಲಿಲ್ಲ. ಫೆನ್ನಾ ಗೆದ್ದೆ ಎಂದುಕೊಂಡಳು.

ಪರೀಕ್ಷೆ ಸೋಮವಾರ. ಅದಕ್ಕೆ ಎರಡು ದಿನ ಮೊದಲು, ಶನಿವಾರ, ಅಜ್ಜನಿಗೆ ಎಪ್ಪತ್ತೆಂಟು ತುಂಬಿತು. ಮುಂದಿನ ಕೋಣೆಯಲ್ಲಿ ಕುರ್ಚಿಗಳನ್ನು ಸುತ್ತಲೂ ಹಾಕಿದರು. ಬಂದವರೆಲ್ಲ ಅಲ್ಲಿನ ರೂಢಿಯಂತೆ ಅಜ್ಜನಿಗೆ ಮಾತ್ರವಲ್ಲದೆ, ಗೊಸ್ಸೆಗೆ ಅಪ್ಪನ ಹುಟ್ಟುಹಬ್ಬದ ಶುಭಾಶಯ, ಹಿಸ್ಕೆಗೆ ಮಾವನ ಹುಟ್ಟುಹಬ್ಬದ ಶುಭಾಶಯ, ಫೆನ್ನಾಳಿಗೆ ಅಜ್ಜನ ಹುಟ್ಟುಹಬ್ಬದ ಶುಭಾಶಯ ಎಂದು ಒಬ್ಬೊಬ್ಬರ ಕೈ ಕುಲುಕಿ ಕೂತರು. ಒಂದೊಂದು ತುಂಡು ಕೇಕ್. ಬಂದವರಲ್ಲಿ ಆರು ಜನ ಹಳೆಯ ಲಾಳದವರು. ಒಬ್ಬನಿಗೂ ನೆಟ್ಟಗೆ ನಿಲ್ಲಲಾಗುತ್ತಿರಲಿಲ್ಲ. ಕೇಕ್ ಮುಗಿದ ಮೇಲೆ ಅಜ್ಜ ಎಲ್ಲರನ್ನೂ ಲಾಯಕ್ಕೆ ಕರೆದುಕೊಂಡು ಹೋದ.

ತಾನೇ ಹೆಡ್ಡಾಳ ಮುಂಗಾಲನ್ನು ಎತ್ತಿ ಹಿಡಿದ. ಆರು ಜನ ಬಗ್ಗಿ ನೋಡಿದರು.

"ಇದೇನು ವೊಬ್ಬೆ," ಅಂದ ಒಬ್ಬ, "ಗೆಣಸಾ?"

"ನಮ್ಮನೆ ಹುಡುಗಿ ಕೆಲಸ. ಸೋಮವಾರ ಪರೀಕ್ಷೆ."

"ಅಯ್ಯೋ ಪಾಪ. ಕೈಗೆ ಏನಾದ್ರೂ ಪೆಟ್ಟಾಗಿತ್ತಾ ಅವಳಿಗೆ?"

ಇನ್ನೊಬ್ಬ, ತನ್ನ ಕಾಲದಲ್ಲಿ ಇಂಥ ಗೊರಸು ತೋರಿಸಿದ ಕೆಲಸದವನನ್ನು ಗೊಬ್ಬರದ ಗುಂಡಿಗೆ ಎಸೆದದ್ದನ್ನು ಹೇಳಿದ. ಎಲ್ಲರೂ ನಕ್ಕರು. ಫೆನ್ನಾ ಜಡ್ಡಿನ ಬಗ್ಗೆ ವಿವರಿಸಲು ಹೋದಳು. ಒಬ್ಬ ಮುದುಕ ಅವಳ ಭುಜ ತಟ್ಟಿ, ಇರಲಿ ಮಗು, ಎಲ್ಲರಿಗೂ ಕೆಲಸ ಬರಬೇಕು ಅಂತೇನಿಲ್ಲ ಅಂದ. ಗೊಸ್ಸೆ ಬಾಗಿಲಿಗೆ ಒರಗಿಕೊಂಡು ನಿಂತಿದ್ದ. ಅವನು ನಗಲಿಲ್ಲ.

ಸಂಜೆ ಕುರ್ಚಿ ಎತ್ತಿಡುವಾಗ ಹಿಸ್ಕೆ ಸಮಾಧಾನದ ದನಿಯಲ್ಲೇ ಮಗಳಿಗೆ ಹೇಳಿದಳು. "ನಿನ್ನ ಓದು ನಿಂಗೆ. ಆದ್ರೂ ಹೊರಗಿನವರು ಬಂದು ಕಾಲೆತ್ತಿ ನೋಡ್ತಾರೆ ಅಂದ್ರೆ ಒಂಚೂರು ಚೊಕ್ಕ ಮಾಡಿಡಬಾರ್ದಾ? ನಾನು ಅಂಗಳ ತೊಳೀತೀನಿ, ಕಿಟಕಿ ಒರೆಸ್ತೀನಿ. ಕಾಲು ಹಾಗೇ ಇಟ್ರೆ ಈ ಮನೆಯವರು ಎಂಥವರು ಅಂದ್ಕೋತಾರೆ?"

ಅಜ್ಜನ ಮಾತು ಫೆನ್ನಾಳಿಗೆ ಹತ್ತುತ್ತಿರಲಿಲ್ಲ. ಇದು ಹತ್ತಿತು.

ಭಾನುವಾರ ಚರ್ಚಿನಿಂದ ಬಂದು ಎಲ್ಲರೂ ಮಲಗಿದ್ದ ಮಧ್ಯಾಹ್ನ ಅವಳು ಚಾಕು ತೆಗೆದುಕೊಂಡು ಲಾಯಕ್ಕೆ ಹೋದಳು. ಮೇಲಿನ ಪುಡಿಯನ್ನಷ್ಟೇ ಕೆರೆಯಬೇಕು ಎಂದುಕೊಂಡಳು. ಚಾಕು ಹರಿತವಾಗಿತ್ತು. ಪುಡಿ ಹೋಯಿತು; ಕೆಳಗೆ ಬೂದು ಮಚ್ಚೆಗಳಿದ್ದವು. ಒಂದು ಮಚ್ಚೆ ತೆಗೆದರೆ ಪಕ್ಕದ್ದು ಎದ್ದು ಕಾಣುತ್ತಿತ್ತು. ಅದನ್ನೂ ತೆಗೆದಳು. ಒಂದು ಕಾಲು ಬೆಳ್ಳಗಾದ ಮೇಲೆ ಇನ್ನೊಂದನ್ನು ಹಾಗೆ ಬಿಡುವಂತಿರಲಿಲ್ಲ. ಹೆಡ್ಡಾ ಮೇವು ಅಗಿಯುತ್ತ ಸುಮ್ಮನೆ ನಿಂತಿತ್ತು. ಲಾಯದ ಒಣಹುಲ್ಲಿನ ಮೇಲೆ ಅದಕ್ಕೆ ಏನೂ ಗೊತ್ತಾಗುತ್ತಿರಲಿಲ್ಲ. ಫೆನ್ನಾಳ ಕೈಗೆ ಎಂಟು ವಾರದಲ್ಲಿ ಮೊದಲ ಸಲ ಸುಖವೆನಿಸಿತು. ಹೆಬ್ಬೆರಳು ಒತ್ತಿ ನೋಡಬೇಕೆಂಬುದು ನಾಲ್ಕನೇ ಕಾಲು ಮುಗಿದ ಮೇಲೆ ನೆನಪಾಯಿತು. ಒತ್ತಲಿಲ್ಲ.

ಅವಳು ಮೂರನೇ ಕಾಲಿನಲ್ಲಿದ್ದಾಗ ಬೆನ್ನ ಹಿಂದೆ ಬಾಗಿಲು ಅರ್ಧ ತೆರೆದು, ಮತ್ತೆ ಸದ್ದಿಲ್ಲದೆ ಮುಚ್ಚಿಕೊಂಡಿತು. ಗಾಳಿ ಎಂದುಕೊಂಡಳು.

ಸೋಮವಾರ ಹತ್ತು ಗಂಟೆಗೆ ಮೇಡಂ ಬಂದರು. ಹಿಸ್ಕೆ ಅಂಗಳದ ಅಂಚನ್ನು ತೊಳೆದಿದ್ದಳು. ಅಜ್ಜನಿಗೆ ಹೊರಗೆ ಕುರ್ಚಿ ಹಾಕಿಸಿಕೊಟ್ಟಿದ್ದಳು, ಮೊಣಕಾಲಿಗೆ ಕಂಬಳಿ. ಗೊಸ್ಸೆ ವ್ಯಾನಿನ ಪಕ್ಕ ನಿಂತಿದ್ದ. ಫೆನ್ನಾ ಹುಲ್ಲಿನ ಕಡೆಯಿಂದ ಹೆಡ್ಡಾಳನ್ನು ಗೇಟಿಗೆ ತಂದು ಜಲ್ಲಿಯತ್ತ ತಿರುಗಿಸಿದಳು. ಅದು ಕಿವಿ ನೆಟ್ಟಗೆ ಮಾಡಿಕೊಂಡು ಬಂತು. ಮೊದಲ ಹೆಜ್ಜೆ. ಎರಡನೆಯದಕ್ಕೆ ತಲೆ ಜೋಲಿತು. ನಾಲ್ಕನೆಯದಕ್ಕೆ ನಿಂತುಬಿಟ್ಟಿತು. ಮುಂಗಾಲು ಎರಡನ್ನೂ ಮುಂದಕ್ಕೆ ಚಾಚಿ, ಭಾರವನ್ನೆಲ್ಲ ಹಿಂದಕ್ಕೆ ಹಾಕಿ, ನಡುಗುತ್ತ ನಿಂತಿತು. ಫೆನ್ನಾ ಹಗ್ಗ ಎಳೆದಳು. ಇನ್ನೂ ಎಳೆದಳು. ಹಗ್ಗದ ತುದಿ ಎತ್ತಿದಾಗ ಮೇಡಂ ಬಂದು ಅವಳ ಮಣಿಕಟ್ಟು ಹಿಡಿದರು.

ಕಾಲೆತ್ತಿ ನೋಡಿದರು. ಹೆಬ್ಬೆರಳು ಒತ್ತಿದರು. ಹೆಡ್ಡಾ ಕಾಲನ್ನು ಕಿತ್ತುಕೊಂಡಿತು.

"ಯಾರು ಕೊರೆದಿದ್ದು?"

"ನಾನೇ."

ಮೇಡಂ ಕಾಗದದ ಮೇಲೆ ಫೇಲ್ ಎಂದು ಬರೆದು ಸಹಿ ಹಾಕಿದರು. ಆಮೇಲೆ ಅಜ್ಜನ ಕುರ್ಚಿಯ ಹತ್ತಿರ ಹೋಗಿ, ಮೂರು ತಿಂಗಳು ಸಮಯ ಕೊಡಿ, ಜಡ್ಡು ಮತ್ತೆ ಬೆಳೆಯುತ್ತೆ, ಅಲ್ಲಿಯವರೆಗೆ ನನ್ನ ಬಳಿಯ ರಬ್ಬರ್ ಬೂಟು ಹಾಕಿಸಿ ಎಂದು ಕೇಳಿಕೊಂಡರು. ಷರತ್ತಿನಲ್ಲಿ ಬೂಟಿಲ್ಲ ಅಂದ ಅಜ್ಜ. ಮೇಡಂ ಕಾರು ಹತ್ತಿದರು. ಫೆನ್ನಾಳ ಕಡೆ ತಿರುಗಿ ನೋಡಲಿಲ್ಲ.

ಅಜ್ಜ ಕಂಬಳಿ ಸರಿಸಿ ಎದ್ದು ಬಂದ. ಕೋಲನ್ನು ಮಗನ ಕೈಗೆ ಕೊಟ್ಟು, ಕಷ್ಟಪಟ್ಟು ಬಗ್ಗಿ, ನಡುಗುವ ಕಾಲನ್ನು ತನ್ನ ತೊಡೆಯ ಮೇಲಿಟ್ಟುಕೊಂಡ. ಅಂಗೈಯನ್ನು ಅಂಗಾಲಿನ ಮೇಲೆ ಎರಡು ಸಲ ಆಡಿಸಿದ.

"ಗೊಸ್ಸೆ, ಬಾ ಇಲ್ಲಿ ನೋಡು," ಅಂದ. "ಇಷ್ಟು ಚೊಕ್ಕ ಅಂಗಾಲು ನೀನು ಒಂದ್ಸಲಾನೂ ಕೊರ್ದಿಲ್ಲ." ಅವನ ದನಿಯಲ್ಲಿ ಹಂಗಿಸುವುದು ಇರಲಿಲ್ಲ. ಅವನ ಕಣ್ಣು ಒದ್ದೆಯಾಗಿತ್ತು. "ಹುಡುಗಿ ನಮ್ಮವಳೇ ಕಣೋ."

ಮಧ್ಯಾಹ್ನ ಬಟಾಣಿ ಸೂಪು. ಚಮಚ ನೆಟ್ಟಗೆ ನಿಲ್ಲುವಷ್ಟು ಗಟ್ಟಿ, ಹಂದಿ ಮಾಂಸದ ತುಂಡುಗಳು, ಪಕ್ಕದಲ್ಲಿ ಕಪ್ಪು ರೈ ಬ್ರೆಡ್ಡು. ಅಜ್ಜ ಲಾರಿಯವನಿಗೆ ಫೋನ್ ಮಾಡಿ ಬಂದು ಕೂತಿದ್ದ. ಅವನು ಗುರುವಾರ ಬೆಳಿಗ್ಗೆ ಬರುತ್ತಾನೆ. ಫೆನ್ನಾ ತಟ್ಟೆ ಮುಟ್ಟಿರಲಿಲ್ಲ.

ಹಿಸ್ಕೆ ಗಂಡನಿಗೆ ಹೇಳಿದಳು, "ನೀವಾದ್ರೂ ಒಂದ್ಮಾತು ಹೇಳ್ಬಾರ್ದಿತ್ತಾ ಅವಳಿಗೆ. ನಿನ್ನೆ ಎದ್ದು ಲಾಯಕ್ಕೆ ಹೋಗಿದ್ರಲ್ಲ."

ಗೊಸ್ಸೆಯ ಚಮಚ ನಿಂತಿತು.

ಫೆನ್ನಾ ತಲೆಯೆತ್ತಿದಳು. "ಬಾಗಿಲು ತೆಗ್ದಿದ್ದು ಅಪ್ಪನಾ?"

"ಹೌದು."

"ನೋಡಿದ್ರಾ?"

"ನೋಡ್ದೆ. ಮೂರನೇ ಕಾಲಲ್ಲಿದ್ದೆ ನೀನು."

"ಗೊತ್ತಾಯ್ತಾ?"

ಅವನು ಬ್ರೆಡ್ಡು ಮುರಿದು ಸೂಪಿಗೆ ಹಾಕಿದ. "ಇಪ್ಪತ್ತೇಳು ವರ್ಷ ಅದೇ ಕೆಲ್ಸ ಮಾಡ್ದೋನಿಗೆ ಗೊತ್ತಾಗ್ದೆ ಇರತ್ತಾ. ಆಗ್ಲೇ ನಿಲ್ಸಿದ್ರೆ ಒಂದು ಕಾಲಾದ್ರೂ ಉಳೀತಿತ್ತೇನೋ. ಬಾಗಿಲು ಹಾಕ್ಕೊಂಡು ಬಂದೆ."

"ಯಾಕೆ?"

ಅವನು ಇನ್ನೊಂದು ತುಂಡು ಬ್ರೆಡ್ಡು ಮುರಿದ. ಅಜ್ಜ ಮಗನನ್ನು ಹೊಸಬನನ್ನು ನೋಡುವ ಹಾಗೆ ನೋಡಿದ. ಹಿಸ್ಕೆ ಎದ್ದು ಒಲೆ ಆರಿಸಿದಳು. ಅದು ಆಗಲೇ ಆರಿತ್ತು. ಸೂಪಿನ ಮೇಲೆ ಕೆನೆ ಕಟ್ಟುತ್ತಿತ್ತು. ಗೊಸ್ಸೆ ತಟ್ಟೆಯನ್ನು ಪಕ್ಕಕ್ಕೆ ಸರಿಸಿ ಮಾತಾಡಿದ. ಆ ವಾರಗಳಲ್ಲಿ ಅವನು ಒಟ್ಟಿಗೆ ಅಷ್ಟು ಮಾತಾಡಿದ್ದು ಅದೇ ಮೊದಲು.

"ಲಾಳ ಹೊಡ್ದ್ರೆ ಅಂಗಾಲು ನೆಲಕ್ಕೆ ತಾಗಲ್ಲ. ಅಗಲದ್ದು ಮಾಡ್ತೀನಿ, ಒಳಗೆ ಚರ್ಮ ಹಾಕಿ, ಮೊಳೆ ಹಿಂದೆ ಬರದ ಹಾಗೆ. ಈಗ ಕುಲುಮೆ ಹೊತ್ತಿಸಿದ್ರೆ ನಾಲ್ಕು ಗಂಟೆಗೆ ನಡೆಯುತ್ತೆ ಅದು. ಎಡವಿದ್ರೆ ಎಡವಲಿ, ಹುಲ್ಲಲ್ಲಿ ಬಿಟ್ಟಿರೋಣ. ನಡೆದ ಕುದುರೆನ ಕಳಿಸೋದು ಬೇಡ." ಅಪ್ಪನ ಕಡೆ ತಿರುಗಿದ. "ಬೇಡ ಅಲ್ವಾ?"

ಅಜ್ಜ ಗಡ್ಡ ಕೆರೆದುಕೊಂಡ. "ಹುಡುಗಿ ಕುದುರೆ ಕಾಲು ಹಿಡ್ಕೊಂಡ್ರೆ ನಂಗೇನೂ ತಕರಾರಿಲ್ಲ. ಲಾರಿಯವನಿಗೆ ಬರಬೇಡ ಅಂತ ಫೋನ್ ಮಾಡ್ತೀನಿ. ಕುದುರೆ ಅವಳ ಹೆಸರಿಗೇ ಆಗ್ಲಿ."

ಹಿಸ್ಕೆ ಹೊರಳಿ ಮಗಳ ಕುರ್ಚಿಯ ಹಿಂದೆ ಬಂದು ನಿಂತಳು. "ಕೇಳಿಸ್ತಾ? ಎದ್ದೇಳು. ಬಟ್ಟೆ ಬದಲಾಯಿಸ್ಕೊ."

ಗೊಸ್ಸೆ ಮೇಜಿಗೆ ಕೈಯೂರಿ ಎದ್ದ. ಬೆನ್ನು ಹಿಡಿದುಕೊಂಡಿತು, ಅರ್ಧ ಬಗ್ಗಿಯೇ ನಿಂತ. "ನೀನು ಹಿಡ್ಕೊಂಡಿದ್ರೆ ಸಾಕು ಫೆನ್ನಾ. ಇನ್ನೇನೂ ಕೇಳಲ್ಲ ನಾನು."

"ಬೇಡ," ಅಂದಳು ಫೆನ್ನಾ.

"ಗುರುವಾರ ಲಾರಿ ಬರುತ್ತೆ ಕಣಮ್ಮ," ಅಂದ ಗೊಸ್ಸೆ.

"ಬರ್ಲಿ. ಅಪ್ಪನ ಕೈಯಿಂದ ಒಂದು ಮೊಳೆನೂ ಬೇಡ."